ಗುಡ್ಡದ ಕಂಬಕ್ಕೆ ಹಿಡಿದ ಚಳಿ

ಮಳೆಗಾಲದಲ್ಲಿ ನಮ್ಮ ಕೆಲಸ ಬಲು ಕಷ್ಟ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಮಳೆಗಾಲದಲ್ಲಿ ನೆಟ್ ಹೋದರೆ ಜನ ಆಕಾಶ ನೋಡಿ ಸುಮ್ಮನಾಗುತ್ತಾರೆ. ಡಿಸೆಂಬರ್‌ನಲ್ಲಿ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ, ಆದರೂ ನೆಟ್ ಹೋಗುತ್ತದೆ. ಆಗ ಜನ ಆಕಾಶ ಬಿಟ್ಟು ನನ್ನನ್ನು ನೋಡುತ್ತಾರೆ. ಹದಿಮೂರು ವರ್ಷದಿಂದ ಪ್ರತಿ ಚಳಿಗಾಲ ಹೀಗೇ ಏನಾದರೊಂದು ಆಗುತ್ತಲೇ ಬಂದಿದೆ, ಆದರೆ ಹೋದ ಚಳಿಗಾಲದ್ದು ನೆನೆಸಿಕೊಂಡರೆ ಈಗಲೂ ಒಬ್ಬನೇ ಕೂತು ನಗುತ್ತೇನೆ.

ನಾನು ಮೂಡಿಗೆರೆಯ ಒಂದು ಸಣ್ಣ ಇಂಟರ್ನೆಟ್ ಕಂಪನಿಯ ಟೆಕ್ನಿಷಿಯನ್. ತಂತಿ ಎಳೆಯಲಾಗದ ಕಡೆ ಗುಡ್ಡದ ಮೇಲೆ ಕಂಬ ನೆಟ್ಟು, ಅದರ ತುದಿಗೆ ರೇಡಿಯೋ ಕಟ್ಟಿ, ಅಲ್ಲಿಂದ ಗಾಳಿಯಲ್ಲೇ ಮನೆಮನೆಗೆ ನೆಟ್ ಕಳಿಸುವುದು ನಮ್ಮ ಕೆಲಸ. ಮನೆಯ ಮಾಡಿನ ಮೇಲೆ ಊಟದ ತಟ್ಟೆಯಷ್ಟು ದೊಡ್ಡ ಆಂಟೆನಾ ಕೂರಿಸಿ ಕಂಬದ ಕಡೆಗೆ ಮುಖ ಮಾಡಿ ಬಿಗಿದರೆ ಮುಗಿಯಿತು. ಕಂಬದ ಬುಡದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಬ್ಯಾಟರಿ ಮತ್ತು ಬೋರ್ಡು. ಪಕ್ಕದಲ್ಲಿ ಸೋಲಾರ್.

ದೇವರಮನೆ ಕಡೆಯ ಒಂದು ಗುಡ್ಡದ ಮೇಲಿರುವ ಕಂಬ ನನ್ನ ಕೈಯಾರೆ ನಿಲ್ಲಿಸಿದ್ದು. ಅದರ ಆಚೆ ಇಳಿಜಾರಿನಲ್ಲಿ ಮೂವತ್ತೆರಡು ಮನೆ. ಮೊಬೈಲ್ ಸಿಗ್ನಲ್ ಅಲ್ಲಿಗೆ ಕಾಲಿಡುವುದಿಲ್ಲ. ಫೋನು, ಪಾಠ, ಕಾಫಿ ರೇಟು, ನೆಂಟರ ಸುದ್ದಿ, ಎಲ್ಲವೂ ನನ್ನ ಕಂಬದ ಮೂಲಕವೇ ಹೋಗಬೇಕು. ಆ ಕಂಬಕ್ಕೆ ಹೋದ ವರ್ಷ ಚಳಿ ಹಿಡಿಯಿತು. ಬೆಳಗಿನ ಜಾವ ಐದಾದರೆ ಸಾಕು, ಬೀಳುತ್ತಿತ್ತು. ಬೀಳುವುದು ಅಂದರೆ ಕಂಬ ನೆಲಕ್ಕೆ ಉರುಳುವುದಲ್ಲ, ನೆಟ್ ಕಡಿದುಹೋಗುವುದು. ನಮ್ಮಲ್ಲಿ ಹಾಗೆ ಹೇಳುತ್ತೇವೆ.

ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ ಅದು ಏಳನೇ ಸಲ ಬಿದ್ದಾಗ ನಮ್ಮ ಮಾಲೀಕರು ನನ್ನನ್ನು ಬಸ್‌ಸ್ಟ್ಯಾಂಡಿನ ಹತ್ತಿರವೇ ಹಿಡಿದರು. ಕೋಪ ಬಂದರೆ ಅವರ ದನಿ ಏರುವುದಿಲ್ಲ, ಇಳಿಯುತ್ತದೆ. ಅದೇ ಭಯ.

"ಇವತ್ತು ಸರಿ ಮಾಡು. ಇವತ್ತಾದ ಮೇಲೆ ಸಂಕ್ರಾಂತಿ ತನಕ ಒಂದೇ ಒಂದು ಸಲ ಬಿದ್ದರೂ ಆ ಕಂಬ ಬಿಚ್ಚಿಸ್ತೀನಿ. ಬಿಚ್ಚೋಕೆ ನೀನೇ ಹತ್ತಬೇಕು. ಹತ್ತಿದವನು ಇಳಿದು ಸೀದಾ ಮನೆಗೆ ಹೋಗ್ಬಹುದು."

ಅಂದರೆ ಕಂಬವೂ ಇಲ್ಲ, ಕೆಲಸವೂ ಇಲ್ಲ. ನನ್ನ ಕೆಲಸ ಹಾಗಿರಲಿ, ಆ ಮೂವತ್ತೆರಡು ಮನೆಯವರ ಮುಖ ನೆನೆದು ಅಲ್ಲಿಂದಲೇ ಜೀಪ್ ಡ್ರೈವರನ್ನು ಕರೆದೆ.

ತುದಿಯಲ್ಲಿ ನಾನು, ಬುಡದಲ್ಲಿ ಬೆಂಕಿ

ಕಂಬ ಇರುವುದು ಒಬ್ಬ ಅಮ್ಮನ ಹಿತ್ತಿಲ ತುದಿಯಲ್ಲಿ. ಒಂದೆಕರೆ ಕಾಫಿ, ನಾಲ್ಕು ಮೆಣಸಿನ ಬಳ್ಳಿ, ಎಣಿಸಲಾಗದಷ್ಟು ಕೋಳಿ ಅವರ ಆಸ್ತಿ. ನಾವೆಲ್ಲ ಅವರನ್ನು ಗುಡ್ಡದಮ್ಮ ಅನ್ನುತ್ತೇವೆ. ಅವತ್ತು ನಾನು, ಜೀಪ್ ಡ್ರೈವರ್ ಇಬ್ಬರೂ ಗುಡ್ಡ ಹತ್ತಿದಾಗ ಎಂಟು ಗಂಟೆ. ಗಾಳಿ ಸ್ವೆಟರಿನೊಳಗೆ ಕೈಹಾಕಿ ಚಿವುಟುತ್ತಿತ್ತು.

ಪೆಟ್ಟಿಗೆ ತೆರೆದರೆ ಒಳಗೆಲ್ಲ ನೀರಹನಿ. ಹಗಲು ಬಿಸಿಲಿಗೆ ಕಾದ ಕಬ್ಬಿಣ ಬೆಳಗಿನ ಜಾವ ತಣ್ಣಗಾದಾಗ ಒಳಗಡೆ ಬೆವರುತ್ತದೆ. ಒಂದು ಹನಿ ಬೋರ್ಡಿನ ಮೇಲೆ ಬಿದ್ದರೂ ಮುಗಿಯಿತು. ಒರೆಸಿದೆ, ಒಣಗಿಸಿದೆ. ಬಾಗಿಲು ಮುಚ್ಚುವಾಗ ತುಕ್ಕು ಹಿಡಿದ ಚಿಲಕ ನನ್ನ ಕೈಗೇ ಬಂತು. ನಾಳೆ ಹೊಸದು ತಂದರಾಯಿತು ಅಂತ ಬೈಂಡಿಂಗ್ ತಂತಿ ಸುತ್ತಿ ಕಟ್ಟಿದೆ. ಆ ನಾಳೆ ಬರಲೇ ಇಲ್ಲ.

ಮೇಲಿನ ಕನೆಕ್ಟರನ್ನೂ ಬದಲಿಸೋಣ ಅಂತ ಕಂಬ ಹತ್ತಿದೆ. ಹತ್ತಿದ್ದೇನೋ ಸರಿ, ಬೆರಳು ಮರಗಟ್ಟಿಹೋಗಿ ಎಂಟು ಸಣ್ಣ ತಂತಿಗಳಲ್ಲಿ ಯಾವುದು ಹಸಿರು, ಯಾವುದು ನೀಲಿ ಅಂತ ಹಿಡಿಯಲೂ ಆಗುತ್ತಿಲ್ಲ.

"ಕೈ ಆಡ್ತಾ ಇಲ್ಲ ಮಾರಾಯ!" ಅಂತ ಕೂಗಿದೆ.

ಡ್ರೈವರ್ ಒಳ್ಳೆಯ ಮನುಷ್ಯ. ಒಣ ಪುಳ್ಳೆ ಒಟ್ಟುಮಾಡಿ ಕಂಬದ ಬುಡದಲ್ಲೇ ಬೆಂಕಿ ಹಾಕಿದ. "ಬಿಸಿ ಮೇಲೆ ಬರ್ತದೆ, ಇರಿ!" ಅಂದ. ಮೇಲೆ ಬಂದದ್ದು ಹೊಗೆ. ನಾನು ಸೊಂಟದ ಬೆಲ್ಟಿಗೆ ನೇತುಬಿದ್ದು ಕೆಮ್ಮುತ್ತಿದ್ದೇನೆ, ಕೆಳಗೆ ಗುಡ್ಡದಮ್ಮನ ಕೋಳಿಗಳೆಲ್ಲ ಬೆಂಕಿಯ ಸುತ್ತ ಸೇರಿ ಚಳಿ ಕಾಯಿಸಿಕೊಳ್ಳುತ್ತಿವೆ.

ಹೊಗೆ ಕಂಡು ಗುಡ್ಡ ಕಾಯುವ ಫಾರೆಸ್ಟ್ ವಾಚರ್ ಓಡೋಡಿ ಬಂದ. ಒಣಹುಲ್ಲಿಗೆ ಕಿಡಿ ತಾಗಿದರೆ ಗುಡ್ಡಕ್ಕೆ ಗುಡ್ಡವೇ ಹೋಗುವ ಕಾಲ ಅದು. ಅವನ ಸಿಟ್ಟು ನ್ಯಾಯವಾದದ್ದೇ.

"ಯಾರ್ರೀ ಬೆಂಕಿ ಹಾಕಿದ್ದು?"

ಡ್ರೈವರ್ ಬೆರಳು ಮೇಲೆ ತೋರಿಸಿದ. "ಅವ್ರಿಗೆ ಚಳಿ ಅಂತೆ."

ನಾನು ಇಳಿದು ಬಂದು ಎರಡೂ ಕೈ ಜೋಡಿಸಿದೆ. ವಾಚರ್ ಸುತ್ತಲ ಹುಲ್ಲನ್ನೆಲ್ಲ ಕೆರೆದು, ಉರಿಯುತ್ತಿದ್ದ ಪುಳ್ಳೆ ಬಡಿದು, ಕೆಂಡ ಮಾತ್ರ ಉಳಿಸಿ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಅಂಗೈ ಚಾಚಿದ. "ಪೂರ್ತಿ ಆರೋ ತನಕ ನಾನು ಇಲ್ಲಿಂದ ಏಳೋ ಹಾಗಿಲ್ಲ. ರೂಲ್ಸು" ಅಂದ. ನಾವೂ ಅವನ ಪಕ್ಕ ಕೂತೆವು. ಅರ್ಧ ಗಂಟೆಯಾದರೂ ಕೆಂಡ ಆರಲಿಲ್ಲ. ನಾನು ಸುಮ್ಮನೆ ಗಮನಿಸಿದೆ, ಆರುವ ಹಾಗೆ ಕಂಡಾಗಲೆಲ್ಲ ಅವನೇ ಒಂದೊಂದು ಪುಳ್ಳೆ ಹಾಕುತ್ತಿದ್ದ.

ಮೇಷ್ಟ್ರ ಬಿಸಿಲು

ಒಂದು ವಾರ ಕಂಬ ಬೀಳಲಿಲ್ಲ. ನಾನು ದಿನಾ ಬೆಳಗಿನ ಐದಕ್ಕೆ ಎದ್ದು, ನೆಟ್ ಇದ್ದರೆ ಹಸಿರು, ಹೋದರೆ ಕೆಂಪು ದೀಪ ತೋರಿಸುವ ಮೊಬೈಲ್ ಆಪ್ ನೋಡುತ್ತಿದ್ದೆ. ಹಸಿರು ದೀಪ! ಹಾಸಿಗೆಯ ಮೇಲೇ ಒಂದು ಕುಣಿತ. ಮನೆಯವಳು ಹೊದಿಕೆ ಎಳೆದುಕೊಂಡು "ದೇವರೇ" ಅನ್ನುತ್ತಿದ್ದಳು.

ಎಂಟನೇ ದಿನ ಆಫೀಸಿಗೆ ಬಸ್ಸಿನವರ ಕೈಯಲ್ಲಿ ಒಂದು ದೂರಿನ ಚೀಟಿ ಬಂತು. "ಕಂಬ ಬಿದ್ದಿದೆ." ಕೊಟ್ಟವರು ನಿವೃತ್ತ ಮೇಷ್ಟ್ರು. ಆ ಇಳಿಜಾರಿನ ಮಕ್ಕಳಿಗೆ, ಕಳಸದ ಕಡೆಯ ಇನ್ನಷ್ಟು ಮಕ್ಕಳಿಗೆ ಮನೆಯಿಂದಲೇ ನೆಟ್‌ನಲ್ಲಿ ಗಣಿತ ಹೇಳಿಕೊಡುವವರು. ಮಾಲೀಕರು ನನ್ನನ್ನು ಕರೆದು ಮೆಲ್ಲಗೆ, "ಬಿತ್ತಾ?" ಅಂದರು.

"ಇಲ್ಲ ಸರ್! ಮೂವತ್ತೊಂದು ಮನೆಗೆ ಇದೆ. ಅವರೊಬ್ಬರಿಗೆ ಮಾತ್ರ ಇಲ್ಲ."

ಜೀಪು ಓಡಿಸಿಕೊಂಡು ಹೋದೆವು. ಮೇಷ್ಟ್ರು ಪಟ್ಟೆಪಟ್ಟೆ ಮಫ್ಲರ್ ಸುತ್ತಿಕೊಂಡು ಕೈಯಲ್ಲಿ ನೋಟ್‌ಬುಕ್ ಹಿಡಿದೇ ನಿಂತಿದ್ದರು. ದಿನ, ಗಂಟೆ, ನಿಮಿಷ, ಎಲ್ಲ ಬರೆದಿದ್ದಾರೆ.

"ನೋಡಿ, ಇದರಲ್ಲಿ ಒಂದು ಕ್ರಮ ಇದೆ. ಬೆಳಿಗ್ಗೆ ಪೂರ್ತಿ ಇಲ್ಲ. ಮಧ್ಯಾಹ್ನ ಇಲ್ಲ. ಸಂಜೆ ನಾಲ್ಕರಿಂದ ಐದರವರೆಗೆ ಅದ್ಭುತವಾಗಿ ಬರ್ತದೆ. ಮತ್ತೆ ಇಲ್ಲ. ನಾಲ್ಕು ದಿನದಿಂದ ಒಂದೇ ಥರ. ನಿಮ್ಮ ಕಂಬದಲ್ಲೇ ಎಂತದೋ ಇದೆ."

ಒಳಗಿನ ರೂಟರ್ ನೋಡಿದೆ, ಕೇಬಲ್ ನೋಡಿದೆ, ಎಲ್ಲ ಸರಿ. ಏಣಿ ಹಾಕಿ ಮಾಡು ಹತ್ತಿದೆ. ಆಂಟೆನಾ ನೋಡಿ ನನಗೆ ಗಾಬರಿಯಾಯಿತು. ಕಂಬ ಇರುವುದು ಪಡುವಣಕ್ಕೆ. ಆಂಟೆನಾ ಮೂಡಣಕ್ಕೆ ಮುಖ ಮಾಡಿ, ಎಳೆಬಿಸಿಲಿಗೆ ಕಣ್ಣು ಮುಚ್ಚಿ ಕೂತ ಅಜ್ಜನ ಹಾಗೆ ಆರಾಮಾಗಿದೆ.

"ಮೇಷ್ಟ್ರೇ, ಇದನ್ನ ಯಾರು ತಿರುಗಿಸಿದ್ದು?"

"ನಾನೇ. ಯಾಕೆ?"

"ನೀವಾ?"

"ನೀವೇ ಹೇಳಿದ್ದಲ್ವಾ? ಹೋದ ವಾರ ಫೋನ್ ಮಾಡಿದಾಗ, ಇಬ್ಬನಿ ಒಳಗೆ ಹೋಗಿರಬಹುದು, ಒರೆಸಿ ಸ್ವಲ್ಪ ಬಿಸಿಲು ತೋರಿಸಿ ಅಂತ."

ಹೇಳಿದ್ದೆ. ಕೇಬಲಿನ ತುದಿಗೆ ಬಿಸಿಲು ತೋರಿಸಿ ಅಂತ ನನ್ನ ಮನಸ್ಸಿನಲ್ಲಿತ್ತು. ಬಾಯಲ್ಲಿ ಅದು ಬಂದಿರಲಿಲ್ಲ. ಮೇಷ್ಟ್ರು ಹೇಳಿದ್ದನ್ನು ಅರೆಬರೆ ಮಾಡುವ ಮನುಷ್ಯರಲ್ಲ. ಬೆಳಿಗ್ಗೆ ಏಣಿ ಹತ್ತಿ ಮೂಡಣಕ್ಕೆ, ಮಧ್ಯಾಹ್ನ ಹತ್ತಿ ತೆಂಕಣಕ್ಕೆ, ಊಟ ಮಾಡಿ ಸಣ್ಣ ನಿದ್ದೆ ತೆಗೆದು ಮತ್ತೆ ಹತ್ತಿ ಪಡುವಣಕ್ಕೆ ತಿರುಗಿಸುತ್ತಿದ್ದರು. ಸೂರ್ಯ ಕಂಬದ ನೇರಕ್ಕೆ ಇಳಿದ ಆ ಒಂದು ಗಂಟೆ ಮಾತ್ರ ನೆಟ್ ನುಗ್ಗಿ ಬರುತ್ತಿತ್ತು. ಸೂರ್ಯ ಮುಳುಗಿದ ಮೇಲೆ ಮರುದಿನದ ಬೆಳಗಿಗೆ ಅಂತ ಮತ್ತೆ ಮೂಡಣಕ್ಕೆ ತಿರುಗಿಸಿಟ್ಟು ಇಳಿಯುತ್ತಿದ್ದರು.

ಬಿಗಿದು ಇಳಿದೆ. ತಪ್ಪು ನನ್ನದೇ ಅಂತ ಒಪ್ಪಿಕೊಂಡೆ. ಮೇಷ್ಟ್ರು ನೋಟ್‌ಬುಕ್ ಮುಚ್ಚಿ ಕನ್ನಡಕದ ಮೇಲಿಂದ ನೋಡಿದರು.

"ನಲವತ್ತು ವರ್ಷ ಪಾಠ ಮಾಡಿದ್ದೀನಿ. ಪ್ರಶ್ನೆಯನ್ನ ಪೂರ್ತಿ ಕೊಡದೆ ಉತ್ತರ ತಪ್ಪು ಅಂದವರಲ್ಲಿ ನೀವೇ ಮೊದಲನೆಯವರು."

ಕಣದಲ್ಲಿ ಇರುವುದೆಲ್ಲ

ಮೇಷ್ಟ್ರ ಮನೆಯಿಂದ ಇನ್ನೂ ಹೊರಟಿರಲಿಲ್ಲ, ಆಗಷ್ಟೇ ಬಂದ ಅವರ ನೆಟ್‌ನಲ್ಲೇ ನನಗೆ ಕೆಳಗಿನ ಎಸ್ಟೇಟಿನ ಸಾಹುಕಾರರ ಫೋನು. "ನಿಮ್ಮ ಕಂಬ ದಿನಾ ಸಂಜೆ ಐದೂವರೆಗೆ ಬೀಳ್ತದೆ ಕಣ್ರೀ, ಬೆಳಿಗ್ಗೆ ಒಂಬತ್ತಕ್ಕೆ ಏಳ್ತದೆ. ನಾನು ನಿಮ್ಮ ಮಾಲೀಕರಿಗೇ ಹೇಳ್ಬೇಕಾ?"

"ಬೇಡ ಬೇಡ! ಬಂದೆ!"

ಅವರ ಆಂಟೆನಾ ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ಎದೆಯೆತ್ತರದ ಒಂದು ಪೈಪಿನ ಮೇಲಿದೆ. ಅಲ್ಲಿಂದ ಮಾತ್ರ ಗುಡ್ಡ ನೇರ ಕಾಣುತ್ತದೆ. ಈ ಸಲ ನಾನು ಏನನ್ನೂ ಬಿಚ್ಚಲಿಲ್ಲ. ಬುದ್ಧಿ ಬಂದಿತ್ತು. ಡ್ರೈವರನ್ನೂ ಕೂರಿಸಿಕೊಂಡು ಕಣದ ಕಟ್ಟೆಯ ಮೇಲೆ ಕೂತೆ. ಏನಾಗುತ್ತದೋ ಕಣ್ಣಾರೆ ನೋಡಿಬಿಡೋಣ!

ಐದಕ್ಕೆ ಆಳುಗಳು ಬಂದರು. ಹರಡಿದ್ದ ಪಾರ್ಚ್‌ಮೆಂಟ್ ಕಾಫಿ ಬೀಜವನ್ನೆಲ್ಲ ಗುಡ್ಡೆ ಮಾಡಿ, ಇಬ್ಬನಿ ತಾಗದ ಹಾಗೆ ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಇಟ್ಟರು. ಎಲ್ಲರೂ ಹೋದರು. ಮೇಸ್ತ್ರಿ ಒಬ್ಬನೇ ಉಳಿದ. ಅತ್ತಿತ್ತ ನೋಡಿ, ಪೈಪಿನ ಹತ್ತಿರ ಹೋಗಿ, ಆಂಟೆನಾಗೆ ಎರಡು ಗೋಣಿಚೀಲ ಸುತ್ತಿದ. ಗಾಳಿಗೆ ಹಾರಬಾರದಲ್ಲ, ಮೇಲಿಂದ ಒಂದು ಖಾಲಿ ಎಣ್ಣೆ ಡಬ್ಬವನ್ನು ಟೊಪ್ಪಿ ಹಾಕಿದ ಹಾಗೆ ಮಗುಚಿದ. ಹಗ್ಗ ಕಟ್ಟಿದ. ನನ್ನ ಮೊಬೈಲಿಗೆ ಸಾಹುಕಾರರ ಮನೆಯಿಂದ ಬರುತ್ತಿದ್ದ ನೆಟ್ ಪಟ್ಟನೆ ಕಡಿದುಹೋಯಿತು. ತಗಡಿನ ಡಬ್ಬದೊಳಗೆ ಎಂಥ ಸಿಗ್ನಲ್ಲೂ ನುಗ್ಗುವುದಿಲ್ಲ.

"ಮೇಸ್ತ್ರೀ! ಎಂತ ಮಾಡ್ತಿದ್ದೀರಿ?"

ಅವನು ಬೆಚ್ಚಿಬೀಳಲಿಲ್ಲ. ಹೊಗಳಲಿಕ್ಕೆ ಕರೆದದ್ದು ಅಂದುಕೊಂಡ. "ಇಬ್ಬನಿ ಅಲ್ವಾ ಸ್ವಾಮಿ. ಕಣದಲ್ಲಿ ಇರೋದೆಲ್ಲ ಮುಚ್ಚದೆ ಮನೆಗೆ ಹೋಗ್ಬೇಡ ಅಂತ ಸಾಹುಕಾರ್ರು ಹೇಳಿದಾರೆ. ಕಾಫಿ ಮುಚ್ಚಿ ಇದನ್ನ ಬಿಟ್ರೆ ನಾಳೆ ಬೈಯೋದು ಯಾರಿಗೆ?"

ಸಾಹುಕಾರರಿಗೆ ವಿಷಯ ಹೇಳಿದೆ. ಮೇಸ್ತ್ರಿಗೆ ಬೈಗುಳ ಗ್ಯಾರಂಟಿ ಅಂದುಕೊಂಡಿದ್ದೆ. ಅವರ ಮುಖ ಅರಳಿತು.

"ಅಂದ್ರೆ ಅವನು ದಿನಾ ಮರೀದೆ ಮುಚ್ಚಿದ್ದಾನೆ? ಎಲ್ಲಾನೂ?"

"ಹೌದು."

"ಇಪ್ಪತ್ತು ವರ್ಷದಲ್ಲಿ ನಾನು ಹೇಳಿದ ಒಂದು ಮಾತು ಪೂರ್ತಿ ಕೇಳಿದ್ದು ಇದೇ ಮೊದಲು ಕಣ್ರೀ! ದಯವಿಟ್ಟು ಅವನಿಗೆ ಏನೂ ಹೇಳ್ಬೇಡಿ. ನೀವೇ ಆಂಟೆನಾ ಬೇರೆ ಎಲ್ಲಾದ್ರೂ ಇಡಿ."

ಬೆಚ್ಚಗಿರುವ ಪೆಟ್ಟಿಗೆ

ಹೊಸ ವರ್ಷ ಬಂತು. ಚಳಿ ಇನ್ನೂ ಏರಿತು. ಮಲ್ಲಂದೂರಿನ ಕಡೆ ನಮ್ಮ ಇನ್ನೊಂದು ಕಂಬ ಎರಡು ಸಲ ಬಿತ್ತು, ಉಳಿದವೂ ಒಂದೊಂದು ಸಲ ಬಿದ್ದವು. ನನ್ನ ಗುಡ್ಡದ ಕಂಬ ಮಾತ್ರ ಕಣ್ಣು ಮಿಟುಕಿಸಲಿಲ್ಲ! ನನಗೇ ನಂಬಿಕೆ ಬರುತ್ತಿರಲಿಲ್ಲ. ಚೆನ್ನಾಗಿ ನಡೆಯುತ್ತಿರುವ ಯಂತ್ರದ ಹತ್ತಿರ ಹೋಗಬಾರದು ಅನ್ನುವುದು ನಮ್ಮವರ ನೇಮ, ಹಾಗಾಗಿ ಗುಡ್ಡ ಹತ್ತಲೇ ಇಲ್ಲ. ಗುಡ್ಡದಮ್ಮನಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದೆ.

"ಅಮ್ಮ, ಪೆಟ್ಟಿಗೆ ಹೆಂಗಿದೆ?"

"ಬೆಚ್ಚಗಿದೆ ಮಾರಾಯ."

"ಒಳಗಿಂದ ಶಬ್ದ ಗಿಬ್ದ ಏನಾದ್ರೂ?"

"ಸಣ್ಣಗೆ ಬರ್ತದೆ, ಆಗಾಗ. ನೀನು ಈಗ ಬರೋದೇನೂ ಬೇಡ."

ಬೋರ್ಡಿನ ರಿಲೇ ಸ್ವಿಚ್ಚು ಶಬ್ದ ಮಾಡುತ್ತದೆ, ಆರೋಗ್ಯದ ಲಕ್ಷಣ ಅಂತ ಖುಷಿಪಟ್ಟೆ.

ಮಾಲೀಕರು ಕೇಳಿದರು, "ಆ ಕಂಬಕ್ಕೆ ಏನು ಮಾಡಿದೆ?" ಗೊತ್ತಿಲ್ಲ ಅನ್ನಬೇಕಿತ್ತು. ಹೊಗಳಿಕೆ ಎದುರಿಗೆ ನಿಂತಾಗ ಯಾರಿಗೆ ಬಾಯಿ ಬರುತ್ತದೆ? "ಅರ್ಥಿಂಗ್ ಸರಿ ಮಾಡಿದೆ ಸರ್" ಅಂದುಬಿಟ್ಟೆ. ಅವರು ಎಲ್ಲರೆದುರು ಬೆನ್ನು ತಟ್ಟಿದರು. ಮೂರು ದಿನ ನಾನು ಎದೆಯುಬ್ಬಿಸಿ ಓಡಾಡಿದೆ. ನಾಲ್ಕನೇ ದಿನ, ಸಂಕ್ರಾಂತಿಗೆ ಇನ್ನೆರಡೇ ದಿನ ಇರುವಾಗ, ಅವರು ಜೀಪ್ ಹತ್ತಿ ಕೂತರು. "ನಡಿ, ಆ ಅರ್ಥಿಂಗ್ ತೋರಿಸು. ಉಳಿದ ಐದು ಕಂಬಕ್ಕೂ ಹಾಗೇ ಮಾಡಿಸೋಣ."

ದಾರಿಯುದ್ದಕ್ಕೂ ನನಗೆ ಆ ಚಳಿಯಲ್ಲೂ ಬೆವರು.

ಗುಡ್ಡದಮ್ಮ ಜೀಪಿನ ಸದ್ದು ಕೇಳಿಯೇ ಓಡಿ ಬಂದು ಪೆಟ್ಟಿಗೆಯ ಮುಂದೆ ಎರಡೂ ಕೈ ಚಾಚಿ ನಿಂತರು.

"ಮುಟ್ಟಬೇಡಿ!"

"ಯಾಕಮ್ಮ, ಕರೆಂಟ್ ಹೊಡೀತಿದ್ಯಾ?" ಅಂದರು ಮಾಲೀಕರು.

"ಕಾವಿಗೆ ಕೂತಿದೆ."

ಮಾಲೀಕರು ನನ್ನನ್ನು ನೋಡಿದರು. ನಾನು ಪೆಟ್ಟಿಗೆಯನ್ನು ನೋಡಿದೆ. ನಾನು ಸುತ್ತಿದ್ದ ತಂತಿ ಬಿಚ್ಚಿತ್ತು, ಬಾಗಿಲು ಒಂದು ಬೆರಳು ತೆರೆದಿತ್ತು. ಮಾಲೀಕರು ಕೈಹಾಕಿ ಮೆಲ್ಲಗೆ ಎಳೆದರು. ಒಳಗಿಂದ ಒಂದು ಕೆಂಪು ಕೋಳಿ ಕತ್ತು ಚಾಚಿ ಅವರ ಹೆಬ್ಬೆರಳಿಗೆ ಸರಿಯಾಗಿ ಕುಕ್ಕಿತು.

"ಅದೇ ಹುಡುಕಿಕೊಂಡ ಜಾಗ" ಅಂತ ಗುಡ್ಡದಮ್ಮ ಸಮಾಧಾನವಾಗಿ ವಿವರಿಸಿದರು. "ನೀನು ಹೋದ ಮಾರನೇ ದಿನವೇ ಹೋಗಿ ಕೂತಿತ್ತು. ಎಬ್ಬಿಸಿ ಬುಟ್ಟಿಗೆ ಹಾಕಿದ್ರೆ ಅಲ್ಲಿ ಕೂರ್ಲೇ ಇಲ್ಲ. ಸರಿ, ಭತ್ತದ ಹೊಟ್ಟು ಹಾಕಿ ಹನ್ನೊಂದು ಮೊಟ್ಟೆ ಇಟ್ಟೆ. ಗುಡುಗು ಸಿಡಿಲಿಗೆ ಮೊಟ್ಟೆ ಕೆಡಬಾರ್ದು ಅಂತ ಕಾವಿನ ಬುಟ್ಟಿಗೆ ನಾವು ಒಂದು ಚೂರು ಕಬ್ಬಿಣ ಹಾಕ್ತೀವಿ. ನಿನ್ನ ಪೆಟ್ಟಿಗೆ ಪೂರ್ತಿ ಕಬ್ಬಿಣವೇ. ಇದಕ್ಕಿಂತ ಒಳ್ಳೇ ಜಾಗ ಎಲ್ಲಿ ಸಿಗ್ತದೆ?"

ಮಾಲೀಕರ ದನಿ ಇಳಿಯಿತು. ಬಹಳ ಇಳಿಯಿತು. "ಕೋಳಿ ಎಬ್ಬಿಸು" ಅಂದರು ನನಗೆ.

ನಾನು ಬಗ್ಗಿ ಒಳಗೆ ನೋಡಿದೆ. ಕೋಳಿಯ ಬೆನ್ನ ಹಿಂದೆ ಬೋರ್ಡು ಹೊಳೆಯುತ್ತಿತ್ತು. ಒಂದು ಹನಿ ನೀರಿಲ್ಲ! ಗೋಡೆ ಬೆಚ್ಚಗೆ, ಹೊಟ್ಟು ಗರಿಗರಿ. ಆ ಕ್ಷಣ ಎಲ್ಲ ಹೊಳೆದುಬಿಟ್ಟಿತು. ಇಪ್ಪತ್ತು ದಿನದಿಂದ ಬೆಳಗಿನ ಜಾವ ನನ್ನ ಕಂಬವನ್ನು ಎತ್ತಿ ಹಿಡಿದದ್ದು ನಾನಲ್ಲ, ಈ ಕೋಳಿ. ಇದನ್ನು ಈಗ ಎಬ್ಬಿಸಿದರೆ ನಾಳೆ ಐದಕ್ಕೆ ಕಂಬ ಬೀಳುತ್ತದೆ. ಸಂಕ್ರಾಂತಿಗೆ ಇನ್ನೂ ಎರಡು ದಿನ ಇದೆ.

"ಸರ್" ಅಂದೆ. "ಕೋಳಿ ಎದ್ರೆ ಕಂಬ ಬೀಳ್ತದೆ."

"ಏನು?"

"ಅರ್ಥಿಂಗ್ ಮಾಡಿಲ್ಲ ಸರ್. ಏನೂ ಮಾಡಿಲ್ಲ. ಇದೇ ಮಾಡಿದ್ದು."

ಡ್ರೈವರ್ ಬೇರೆ ಕಡೆ ತಿರುಗಿ ನಿಂತ, ಅವನ ಭುಜ ಕುಲುಕುತ್ತಿತ್ತು. ಮಾಲೀಕರು ಹೆಬ್ಬೆರಳು ಹಿಡಿದುಕೊಂಡೇ ಬಗ್ಗಿದರು. ಬೋರ್ಡು ನೋಡಿದರು, ಕೋಳಿ ನೋಡಿದರು, ಮತ್ತೆ ಬೋರ್ಡು ನೋಡಿದರು. ಗುಡ್ಡದಮ್ಮ ಚಾಚಿದ ಕೈ ಇಳಿಸಿರಲಿಲ್ಲ. "ಇನ್ನೆರಡು ದಿನ. ಈಗ ಎತ್ತಿದ್ರೆ ಹನ್ನೊಂದೂ ಹೋಗ್ತವೆ" ಅಂದರು.

ಮಾಲೀಕರು ಬಾಗಿಲನ್ನು ಮೊದಲಿದ್ದಷ್ಟೇ ತೆರೆದಿಟ್ಟು, ಸದ್ದಾಗದ ಹಾಗೆ ಹಿಂದೆ ಸರಿದರು. ಇಳಿಯುವಾಗ ಮೂರನೇ ತಿರುವಿನಲ್ಲಿ ಕೇಳಿದರು, "ಸಂಕ್ರಾಂತಿ ಬೆಳಿಗ್ಗೆ ಅಲ್ವಾ ಅದರ ಲೆಕ್ಕ ಮುಗಿಯೋದು?" ಕೋಳಿಯದೋ ನನ್ನದೋ ನನಗೆ ತಿಳಿಯಲಿಲ್ಲ. ಹೌದು ಸರ್ ಅಂದೆ.

ಸಂಕ್ರಾಂತಿಯ ದಿನ ನಾಲ್ಕಕ್ಕೇ ಎದ್ದು ಮೊಬೈಲ್ ಹಿಡಿದು ಕೂತೆ. ಐದು. ಹಸಿರು. ಐದೂವರೆ. ಹಸಿರು. ಆರು. ಹಸಿರು! ಆರೂಕಾಲಿಗೆ ಗುಡ್ಡದಮ್ಮನ ಕರೆ ಬಂತು, ಬಂದದ್ದು ನನ್ನ ಕಂಬದ ಮೂಲಕವೇ.

"ಒಂಬತ್ತು ಮರಿ ಮಾರಾಯ!"

ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ದೀಪ ಹತ್ತಿತು. ಮಾಲೀಕರಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು. ಅವರೂ ಎದ್ದು ಕೂತಿದ್ದರು ಅಂತ ಕಾಣುತ್ತದೆ.

"ಕಂಬ?"

"ನಿಂತಿದೆ ಸರ್! ಸಂಕ್ರಾಂತಿ ಬಂತು, ಒಂದು ಸಲವೂ ಬಿದ್ದಿಲ್ಲ!"

"ಮರಿ?"

"ಒಂಬತ್ತು ಸರ್."

"ಮತ್ತೆ ಕೋಳಿ?"

"ಮರಿಗಳನ್ನ ಕರ್ಕೊಂಡು ಪೆಟ್ಟಿಗೆಯಿಂದ ಇಳೀತಂತೆ ಸರ್."

ಹದಿಮೂರು ವರ್ಷದಲ್ಲಿ ಕೆಲಸದವರ ಜೊತೆ ಒಂದು ಸಲವೂ ಸಲಿಗೆಯ ಮಾತಾಡದ ಮನುಷ್ಯ, ಆ ಬೆಳಗಿನ ಹೊತ್ತಿನಲ್ಲಿ ದನಿ ಏರಿಸಿ ಕೂಗಿದರು:

"ಇಳೀತಾ? ಮತ್ತೆ ಸುಮ್ನೆ ಕೂತಿದ್ದೀಯಲ್ಲ ಮಾರಾಯ, ನಾಳೆ ಬೆಳಗಾಗೋದ್ರೊಳಗೆ ಇನ್ನೊಂದು ಕೋಳಿ ಕೂರಿಸು!"